ಹಲ್ಲಕ್ಕನ ಕ್ಯಾಮೆರಾ, ದಾರಿ ತಪ್ಪಿದ ಇರುವೆಗಳು

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಕಿಟಕಿಗೆ ಆನಿಸಿಟ್ಟ ಮೇಜಿನ ಮೇಲೆ ಒಂಬತ್ತು ಬೆಳ್ಳಿ ಇರುವೆಗಳು ಸಾಲುಗಟ್ಟಿ ಬಲದಿಂದ ಎಡಕ್ಕೆ ಹೊರಟಿವೆ. ಸಾಲಿನ ತುದಿಯಲ್ಲಿ ಸಕ್ಕರೆ ಹರಳಿನಂಥ ಒಂದು ಬಿಳಿ ಕಲ್ಲು. ಕೊರಳಿಗೆ ಹಾಕುವ ಸರವಿದು. ಇರುವೆಗಳು ಮಾತ್ರ ಈಗಷ್ಟೇ ಗೋಡೆಯಿಂದ ಇಳಿದು ಬಂದಂತಿವೆ. ಬೂದು ಬಣ್ಣದ ಅಂಗಿ ತೊಟ್ಟು, ತಲೆಗೂ ಬೂದು ಬಟ್ಟೆ ಕಟ್ಟಿಕೊಂಡ ಐವತ್ತನಾಲ್ಕರ ಹೆಂಗಸೊಬ್ಬರು ಉಸಿರು ಬಿಗಿಹಿಡಿದು ಬಗ್ಗಿ, ದಂತವೈದ್ಯರು ಹಲ್ಲಿನ ಸಂದಿ ಕೆದಕುವ ಸಣ್ಣ ಕೊಕ್ಕೆಯಿಂದ ಐದನೆಯ ಇರುವೆಯ ಹಿಂಗಾಲಿಗೆ ಅಂಟಿದ ಧೂಳಿನ ಎಳೆಯನ್ನು ತೆಗೆಯುತ್ತಿದ್ದಾರೆ.

"ಅಲ್ಲಾಡ್ಬೇಡ. ಒಂದೇ ನಿಮಿಷ, ನೋವಾಗಲ್ಲ," ಎಂದು ಇರುವೆಗೆ ಹೇಳುತ್ತಾರೆ.

ಇರುವೆ ಅಲ್ಲಾಡುವುದಿಲ್ಲ. ಇಪ್ಪತ್ತೆರಡು ವರ್ಷ ಇದೇ ಮಾತನ್ನು ಮನುಷ್ಯರಿಗೆ ಹೇಳಿದವರು ಇವರು. ಅವರಲ್ಲಿ ಇಷ್ಟು ವಿಧೇಯರು ಒಬ್ಬರೂ ಸಿಕ್ಕಿರಲಿಲ್ಲವಂತೆ.

ಬೀದಿಯಲ್ಲಿ ಇವರಿಗೆ ಹಲ್ಲಕ್ಕ ಎಂದೇ ಹೆಸರು. ಬೀದಿ ಕೊನೆಯ ದಂತ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದಾಗ ಅಂಟಿಕೊಂಡದ್ದು, ಚಿಕಿತ್ಸಾಲಯದ ಬಾಗಿಲು ಮುಚ್ಚಿ ಮೂರು ವರ್ಷವಾದರೂ ಬಿಟ್ಟಿಲ್ಲ. ಈಗ ಇವರು ಮಾಡುತ್ತಿರುವುದು ಒಡವೆಗಳ ಫೋಟೋ ತೆಗೆಯುವ ಕೆಲಸ. ಒಡವೆ ಮಾಡುವವಳು ಇವರ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಹಿಂದಿನ ಕೋಣೆಯಲ್ಲಿ ಕೂತು ಬೆಳ್ಳಿಯ ತಂತಿ, ಬೆಳ್ಳಿಯ ತಗಡುಗಳನ್ನು ಬೆಂಕಿಯಲ್ಲಿ ಬೆಸೆದು ಆಕೆ ಬಟಾಣಿ ಕಾಯಿ, ಬೀಗದ ಕೈ, ಅಂಗಿಯ ಗುಂಡಿ, ಇರುವೆ ಹೀಗೆ ಯಾರೂ ಒಡವೆಯೆಂದು ಎಣಿಸದ ಎಲ್ಲವನ್ನೂ ಒಡವೆ ಮಾಡುತ್ತಾಳೆ. ಕೊಳ್ಳುವವರು ದೂರದೂರದವರು. ಅವರು ನೋಡುವುದು ಒಡವೆಯನ್ನಲ್ಲ, ಹಲ್ಲಕ್ಕನ ಫೋಟೋವನ್ನು. ಫೋಟೋದ ಕೆಳಗೆ ಮಾಡಿದವಳ ಹೆಸರಿರುತ್ತದೆ, ತೂಕ ಇರುತ್ತದೆ, ಅಳತೆ ಇರುತ್ತದೆ. ತೆಗೆದವರ ಸುದ್ದಿ ಎಲ್ಲೂ ಇಲ್ಲ. ಅದರ ಬಗ್ಗೆ ಬೇಸರವಿದೆಯೇ ಎಂದರೆ, "ಹಲ್ಲಿನ ಫೋಟೋ ಮೇಲೂ ಯಾರೂ ನನ್ನ ಹೆಸರು ಹಾಕ್ತಿರ್ಲಿಲ್ವಲ್ಲ," ಎನ್ನುತ್ತಾರೆ.

ಇವತ್ತಿನ ಬೆಳಗ್ಗೆ ಮಾತ್ರ ಮನೆಯಲ್ಲಿ ಗಾಳಿ ಸ್ವಲ್ಪ ಬಿಗಿಯಾಗಿದೆ. ಕೈಕೆಲಸದ ವಸ್ತುಗಳನ್ನು ಮಾರುವ ದೊಡ್ಡ ಅಂಗಡಿಯೊಂದು ಈ ಇರುವೆ ಸರಗಳನ್ನು ಮೂವತ್ತು ಕೇಳಿದೆ. ತನ್ನ ವರ್ಷದ ಪುಸ್ತಿಕೆಯ ಮುಖಪುಟಕ್ಕೂ ಇರುವೆಗಳನ್ನೇ ಆರಿಸಿದೆ. ಹಿಂದೆ ಕಳಿಸಿದ ಫೋಟೋ ತಪ್ಪಾಗಿತ್ತು. ಇವತ್ತು ಹತ್ತು ಗಂಟೆಯೊಳಗೆ ಸರಿಯಾದ ಫೋಟೋ ಹೋಗಿ, ಅದು ಒಪ್ಪಿಗೆಯಾಗಬೇಕು. ಇಲ್ಲವಾದರೆ ಇನ್ನು ಮುಂದೆ ಓರಗಿತ್ತಿಯ ಒಡವೆಗಳೆಲ್ಲ ಅಂಗಡಿಯ ಸ್ಟುಡಿಯೋಗೆ ಹೋಗುತ್ತವೆ, ಹಲ್ಲಕ್ಕ ಕೊಕ್ಕೆಯನ್ನು ಪೆಟ್ಟಿಗೆಯಲ್ಲಿಡಬೇಕಾಗುತ್ತದೆ. ತಪ್ಪು ಏನೆಂದು ಹೇಳುವ ಮೊದಲು, ಅದು ಇವರಿಂದಲೇ ಏಕೆ ಆಗಬೇಕಿತ್ತು ಎನ್ನುವುದನ್ನು ಹೇಳಬೇಕು.

ಚಿಕಿತ್ಸಾಲಯದ ಡಾಕ್ಟರು ಪ್ರತಿ ರೋಗಿಯ ಬಾಯಿಯನ್ನೂ ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಫೋಟೋ ತೆಗೆಸಿ ಇಡುತ್ತಿದ್ದ ಶಿಸ್ತಿನ ಮನುಷ್ಯ. ತೆಗೆಯುವ ಕೆಲಸ ಹಲ್ಲಕ್ಕನದು. ಹಿಂದಿನ ದವಡೆ ಹಲ್ಲಿಗೆ ಕ್ಯಾಮೆರಾ ತೂರಿಸಲಾಗುವುದಿಲ್ಲ. ಅದಕ್ಕೆ ನಾಲಿಗೆಯ ಆಕಾರದ ಒಂದು ಕನ್ನಡಿಯನ್ನು ಬಾಯೊಳಗೆ ಓರೆಯಾಗಿ ಹಿಡಿದು, ಕನ್ನಡಿಯಲ್ಲಿ ಕಾಣುವುದನ್ನು ತೆಗೆಯಬೇಕು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಆದ್ದರಿಂದ ಫೋಟೋವನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಮಗುಚಿ ನೇರ ಮಾಡಬೇಕು. "ಮಗುಚೋದು ಮರೆತ್ರೆ ಡಾಕ್ಟ್ರು ಆ ಕಡೆ ಹಲ್ಲು ಕೀಳ್ತಾರೆ. ರೋಗಿ ಆಮೇಲೆ ನಮ್ಮನ್ನ ಮಗುಚ್ತಾನೆ," ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮರೆತಿಲ್ಲ. ಕೊನೆಕೊನೆಗೆ ನೆನಪಿಡುವುದೇ ಬೇಕಾಗಲಿಲ್ಲ. ಕೈ ತಾನಾಗಿಯೇ ಮಗುಚುತ್ತಿತ್ತು.

ಡಾಕ್ಟರಿಗೆ ವಯಸ್ಸಾಗಿ ಚಿಕಿತ್ಸಾಲಯ ಮುಚ್ಚಿದ ದಿನ ಅವರು ಕ್ಯಾಮೆರಾ, ಕನ್ನಡಿ, ಕೊಕ್ಕೆಗಳು ಮತ್ತು ಒಂದು ಡಬ್ಬಿ ಗುಲಾಬಿ ಮೇಣವನ್ನು ಇವರ ಕೈಗಿಟ್ಟರು. ಐವತ್ತೊಂದರ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು ಎರಡು ಸ್ಟುಡಿಯೋಗಳ ಮೆಟ್ಟಿಲು ಹತ್ತಿದ್ದೂ ಆಯಿತು. "ಮದುವೆ ತೆಗ್ದಿದ್ದೀರಾ ಅಂದ್ರು. ಇಲ್ಲ, ದವಡೆ ತೆಗ್ದಿದ್ದೀನಿ ಅಂದೆ. ಆಮೇಲೆ ಅವರು ನನ್ನ ಜೊತೆ ಮಾತಾಡೋವಾಗ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡಿದ್ರು."

ಏಳು ತಿಂಗಳು ಮನೆಯಲ್ಲಿ ಕೂತರು. ಅಷ್ಟರಲ್ಲಿ ಓರಗಿತ್ತಿ ತನ್ನ ಕಿವಿಯೋಲೆಯೊಂದರ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದಳು.

"ಇದೇನೇ, ಓಲೆನಾ? ತುಕ್ಕು ಹಿಡಿದ ಮೊಳೆ ಅಂದ್ಕೊಂಡೆ."

"ಅಷ್ಟು ಗೊತ್ತಿದ್ರೆ ನೀವೇ ತೆಗೀರಿ ಅಕ್ಕ."

ಎರಡು ಜಡೆ ಒಂದೆಡೆ ಸೇರಲ್ಲ ಎಂದು ಹಿಂದಿನವರು ಹೇಳಿಟ್ಟಿದ್ದಾರೆ. ಈ ಮನೆಯ ಎರಡು ಜಡೆಗಳು ಸೇರಿದ್ದು ಆ ಒಂದು ಮೂದಲಿಕೆಯ ಮೇಲೆ. ಅಂದಿನಿಂದ ಇಂದಿನವರೆಗೆ ಸಾವಿರದ ನೂರ ನಲವತ್ತು ಒಡವೆಗಳು ಈ ಕಿಟಕಿಯ ಮುಂದೆ ಕೂತು ಎದ್ದಿವೆ.

ಕೆಲಸಕ್ಕೆ ಬೇಕಾದ ಬೆಳಕು ಸಿಗುವುದು ಆರೂ ಹತ್ತರಿಂದ ಏಳೂ ಐವತ್ತರವರೆಗೆ. ಅಲ್ಲಿಂದ ಮುಂದೆ ಬಿಸಿಲು ಎದುರು ಮನೆಯ ಹಳದಿ ಗೋಡೆಗೆ ಬಡಿದು ಒಳಗೆ ಬರುತ್ತದೆ, ಬೆಳ್ಳಿಯೆಲ್ಲ ಹಲ್ಲುಜ್ಜದವರ ಬಾಯಿಯಾಗುತ್ತದೆ. ಆ ನೂರು ನಿಮಿಷಗಳಲ್ಲಿ ಆರು ಒಡವೆ, ಒಂದೊಂದಕ್ಕೆ ಮೂವತ್ತು ನಲವತ್ತು ಫೋಟೋ, ಉಳಿಸಿಕೊಳ್ಳುವುದು ಐದು. ಓಲೆಗಳು ಬೀಳದಂತೆ ನಿಲ್ಲಿಸಲು ಅದೇ ಗುಲಾಬಿ ಮೇಣ. ಮೇಲಿಂದ ತೆಗೆಯಬೇಕಾದಾಗ ತಾನು ಬಗ್ಗಿದರೆ ತಲೆಯ ನೆರಳು ಬೀಳುತ್ತದೆಂದು, ಒಡವೆಯ ಮೇಲೆ ಅದೇ ನಾಲಿಗೆ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ, ಪಕ್ಕದಲ್ಲಿ ಕೂತು ಕನ್ನಡಿಯೊಳಗಿನ ಒಡವೆಯನ್ನು ತೆಗೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಮಗುಚುತ್ತಾರೆ. ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ ಎನ್ನುವ ಗಾದೆಯನ್ನು ಇವರು ಒಪ್ಪುವುದಿಲ್ಲ. ಇವರ ಕೈಗೆ ದಿನಕ್ಕೆ ಆರು ಸಿಗುತ್ತವೆ.

ಬೂದು ಬಟ್ಟೆಗೂ ಒಂದು ಕತೆಯಿದೆ. ಮೊದಲ ತಿಂಗಳು ಗುಂಡು ಲೋಲಾಕಿನ ಫೋಟೋ ನೋಡಿದ ಗಿರಾಕಿಯೊಬ್ಬರು ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ ಬರೆದಿದ್ದರು: 'ಒಡವೆ ಸೊಗಸಾಗಿದೆ. ಆದರೆ ಇದರೊಳಗೆ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿರುವ ಗಂಡಸು ಯಾರು?' ಅದು ಹಲ್ಲಕ್ಕನ ಯಜಮಾನರು, ಬಸ್ ಡ್ರೈವರು, ಬೆಳಗಿನ ಪಾಳಿಗೆ ಹೊರಟವರು. 'ಅವರು ಒಡವೆಯ ಜೊತೆಗೆ ಬರುವುದಿಲ್ಲ' ಎಂದು ಓರಗಿತ್ತಿ ಉತ್ತರ ಬರೆದಳು, ಲೋಲಾಕು ಮಾರಾಟವಾಯಿತು. ಅಂದಿನಿಂದ ಆ ನೂರು ನಿಮಿಷ ಹಜಾರದಲ್ಲಿ ಓಡಾಡುವವರೆಲ್ಲ ಬೂದು ಬಟ್ಟೆ ತೊಡಬೇಕು, ಇಲ್ಲವೇ ಓಡಾಡಬಾರದು. ಮನೆಯವರೆಲ್ಲ ಬೂದು ಬಣ್ಣದಲ್ಲಿ ಗೋಡೆ ಹಿಡಿದು ಸರಿಯುವುದನ್ನು ಮೊದಲ ಸಲ ಕಂಡ ಹಾಲಿನವನು ಎರಡು ದಿನ ಹಾಲನ್ನು ಗೇಟಿಗೇ ನೇತುಹಾಕಿ ಹೋದನಂತೆ.

ಹಲ್ಲಕ್ಕನದು ಒಂದೇ ನಿಯಮ. ತೂತು ಇದ್ದರೆ ತೂತು, ಗೀರು ಇದ್ದರೆ ಗೀರು. "ಹುಳುಕು ಹಲ್ಲನ್ನ ಬೆಳ್ಳಗೆ ತೋರ್ಸಿದ್ರೆ ಫೋಟೋ ಚೆನ್ನಾಗಿ ಬರತ್ತೆ, ಹಲ್ಲು ಉಳಿಯಲ್ಲ." ಇಲ್ಲಿಯವರೆಗೆ ವಾಪಸು ಬಂದ ಒಡವೆಗಳು ಹನ್ನೊಂದು. ಅಳತೆ ಸಾಲದೆ ಕೆಲವು; ಒಂದು ಉಂಗುರವಂತೂ ಹುಡುಗಿಯೇ ಬೇಡವೆಂದದ್ದಕ್ಕೆ ಹುಡುಗನ ಸಪ್ಪೆ ಮುಖದ ಜೊತೆಗೇ ವಾಪಸು ಬಂತು. 'ಫೋಟೋದಲ್ಲಿದ್ದದ್ದೇ ಬೇರೆ, ಬಂದದ್ದೇ ಬೇರೆ' ಎಂದು ಬಂದದ್ದು ಒಂದೂ ಇಲ್ಲ. ಈ ಸೊನ್ನೆಯನ್ನು ಹೇಳುವಾಗ ಮಾತ್ರ ಹಲ್ಲಕ್ಕನ ದನಿ ಒಂದು ಗೇಣು ಮೇಲೇರುತ್ತದೆ.

ಈಗ ಇರುವೆಗಳ ವಿಷಯ.

ಇರುವೆ ಸರ ಉದ್ದ. ನಾಲಿಗೆ ಕನ್ನಡಿಯಲ್ಲಿ ಹಿಡಿಸುವುದಿಲ್ಲ. ಹೋದ ತಿಂಗಳು ಮೋಡ ಕವಿದ ಬೆಳಗ್ಗೆ, ನೆರಳಿನ ಕಾಟವಿಲ್ಲವೆಂದು, ಹಲ್ಲಕ್ಕ ಸ್ಟೂಲು ಹತ್ತಿ ಸರವನ್ನು ನೇರವಾಗಿಯೇ ತೆಗೆದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತರು. ಕೈ ತಾನಾಗಿಯೇ ಮಗುಚಿತು. ಬಲದಿಂದ ಎಡಕ್ಕೆ ಹೊರಟಿದ್ದ ಇರುವೆಗಳು ಎಡದಿಂದ ಬಲಕ್ಕೆ ತಿರುಗಿ ನಿಂತವು. ಓರಗಿತ್ತಿ ನೋಡಿ ಚೆನ್ನಾಗಿದೆ ಎಂದಳು. ಅವಳು ತನ್ನ ಒಡವೆಯನ್ನು ಕೊರಳಿಗಿಟ್ಟು ನೋಡಿಕೊಳ್ಳುವುದು ಕನ್ನಡಿಯಲ್ಲಿ. ಕನ್ನಡಿಯಲ್ಲೂ ಇರುವೆಗಳು ಎಡದಿಂದ ಬಲಕ್ಕೇ ಹೋಗುತ್ತಿದ್ದವು. ಅತ್ತೆಯೂ ಹಾಕಿಕೊಂಡು ಕನ್ನಡಿ ನೋಡಿ, ಫೋಟೋ ನೋಡಿ, ಥೇಟ್ ಹಾಗೇ ಇದೆಯೆಂದು ತೀರ್ಪು ಕೊಟ್ಟರು. ಫೋಟೋ ಅಂಗಡಿಗೆ ಹೋಯಿತು.

ಕಂಡುಹಿಡಿದದ್ದು ಡ್ರೈವರು. ಮೂರು ದಿನದ ಹಿಂದೆ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಾಗ, ಸರ ಹಾಕಿಕೊಂಡು ಎದುರು ಕೂತಿದ್ದ ತಾಯಿಯನ್ನೂ ಮೊಬೈಲಿನಲ್ಲಿದ್ದ ಫೋಟೋವನ್ನೂ ನೋಡಿ ಹೇಳಿದರು:

"ಅಮ್ಮ, ನಿನ್ನ ಕೊರಳಲ್ಲಿ ಇರುವೆ ವಾಪಸ್ ಹೊರಟಿವೆ."

"ನಿನಗೆ ಬಸ್ ಓಡ್ಸಿ ಓಡ್ಸಿ ತಲೆ ತಿರುಗಿದೆ."

"ದಿನಾ ಎಂಟು ಗಂಟೆ ಕನ್ನಡಿ ನೋಡ್ಕೊಂಡು ಬಸ್ ಹಿಂದಕ್ಕೆ ತಗೊಳ್ಳೋನು ನಾನು. ಎಡ ಬಲ ಗೊತ್ತಾಗದಿದ್ರೆ ಇಷ್ಟೊತ್ತಿಗೆ ಡಿಪೋ ಗೋಡೆ ಇರ್ತಿರ್ಲಿಲ್ಲ."

ಹಲ್ಲಕ್ಕ ಫೋಟೋ ನೋಡಿದರು, ಅತ್ತೆಯ ಕೊರಳು ನೋಡಿದರು, ತಮ್ಮ ಬಲಗೈ ನೋಡಿದರು. ಕೈಗೆ ಏನೂ ಗೊತ್ತಿಲ್ಲದಂತಿತ್ತು.

ಆಮೇಲೆ ಹಿಂದಿನ ಕೋಣೆಯಲ್ಲಿ ಇಬ್ಬರು ಓರಗಿತ್ತಿಯರಿಗೂ ಜಗಳ ಹತ್ತಿತು. ಆದರೆ ಜಗಳವೂ ಮಗುಚಿಕೊಂಡೇ ಬಂದಿತ್ತು. ಒಬ್ಬೊಬ್ಬಳೂ ಇನ್ನೊಬ್ಬಳ ಪರವಾಗಿ ಜಗಳಾಡುತ್ತಿದ್ದಳು.

"ಯಾರಿಗೂ ಹೇಳೋದು ಬೇಡ ಅಕ್ಕ. ಆಗಿರೋ ಹದಿನೆಂಟು ಸರ ಬೇರೆ ಕಡೆ ಮಾರೋಣ. ಫೋಟೋದಲ್ಲಿರೋ ಹಾಗೇ ಮೂವತ್ತು ಹೊಸದು ಮಾಡ್ಕೊಡ್ತೀನಿ."

"ಎಷ್ಟು ಇರುವೆ ಆಯ್ತೇ ಅದು?"

"ಇನ್ನೂರ ಎಪ್ಪತ್ತು."

"ನಿನ್ನ ಬೆರಳು ಉಳಿಯತ್ತಾ?"

"ನಿಮ್ಮ ಕೆಲಸ ಉಳಿಯತ್ತಲ್ಲ."

ಸರವನ್ನು ತಿರುಗಿಸಿ ಹಾಕಿಕೊಂಡರೆ ಆಗುವುದಿಲ್ಲವೇ ಎಂದು ಡ್ರೈವರು ಬಾಗಿಲಿನಿಂದಲೇ ಕೇಳಿದರು. ಆಗ ಇರುವೆಗಳ ಹೊಟ್ಟೆ ಕಾಣುತ್ತದೆ ಎಂದು ಇಬ್ಬರೂ ಒಟ್ಟಿಗೇ ಹೇಳಿ, ಬಾಗಿಲು ಹಾಕಿಕೊಂಡರು.

"ಒಡವೆ ಹಾಗೆ ಫೋಟೋ ಇರ್ಬೇಕು," ಎಂದರು ಹಲ್ಲಕ್ಕ. "ಫೋಟೋ ಹಾಗೆ ಒಡವೆ ಮಾಡೋದು ಅಂದ್ರೆ, ಎಕ್ಸ್-ರೇ ತಪ್ಪು ಬಂತು ಅಂತ ರೋಗಿ ಹಲ್ಲು ಕಿತ್ತು ಆ ಕಡೆ ನೆಟ್ಟ ಹಾಗೆ. ನನ್ನ ತಪ್ಪಿಗೆ ನಿನ್ನ ಬೆರಳು ಯಾಕೆ ಸುಟ್ಕೋಬೇಕು. ಫೋನ್ ಕೊಡು ಇಲ್ಲಿ."

ಫೋನು ಮಾಡಿ, ಅಂಗಡಿಯ ಮೇಡಂಗೆ ಹಲ್ಲಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದರು. ಮೇಡಂ ಅವರ ಕಷ್ಟವೂ ಸಣ್ಣದಲ್ಲ. ಪುಸ್ತಿಕೆ ತೆರೆಯುವ ಅಂಚು ಬಲಕ್ಕಿದೆ. ಫೋಟೋದ ಇರುವೆಗಳು ಆ ಅಂಚಿನ ಕಡೆಗೆ, ಪುಟ ತೆರೆದು ಒಳಹೊಕ್ಕುವಂತೆ ನಡೆಯುತ್ತಿದ್ದವು. ಮುಖಪುಟವನ್ನೆಲ್ಲ ಆ ನಡಿಗೆಯ ಮೇಲೆ ಕಟ್ಟಿಯಾಗಿತ್ತು. ನಿಜವಾದ ಇರುವೆಗಳು ಹೋಗುವುದು ಹೊಲಿಗೆಯ ಕಡೆಗೆ, ಅಂಗಡಿಗೆ ಬೆನ್ನು ಹಾಕಿ ಮನೆಗೆ ಹೊರಟವರಂತೆ. ಕೊನೆಗೆ ಮೇಡಂ, ಮೂರನೆಯ ದಿನ ಬೆಳಗ್ಗೆ ಹತ್ತರೊಳಗೆ ಮುಖಪುಟಕ್ಕೆ ಹೊಂದುವ ಹೊಸ ಫೋಟೋ ಬಂದರೆ ಸರಿ, ಬರದಿದ್ದರೆ ಇನ್ನು ಮುಂದೆ ನಿಮ್ಮ ಮನೆಯ ಎಲ್ಲ ಒಡವೆಯನ್ನೂ ನಮ್ಮ ಸ್ಟುಡಿಯೋದವರೇ ತೆಗೆಯುತ್ತಾರೆ ಎಂದರು. ಮಾತು ಮೆತ್ತಗಿತ್ತು, ಅರ್ಥ ಮೆತ್ತಗಿರಲಿಲ್ಲ.

ಆ ಮೂರನೆಯ ದಿನವೇ ಇಂದು. ಏಳೂ ಕಾಲರ ಹೊತ್ತಿಗೆ ಹಲ್ಲಕ್ಕ ನಲವತ್ತೊಂದು ಫೋಟೋ ತೆಗೆದಿದ್ದಾರೆ. ಸರವನ್ನು ಬಾಗಿಸಿ, ಸುತ್ತಿಸಿ, ಓರೆ ಮಾಡಿ ನೋಡಿದ್ದಾರೆ. ತಲೆಕೆಳಗು ಮಾಡಿಟ್ಟರೆ ಅದು ಕೊರಳಿಗೆ ಹಾಕುವ ಸರದಂತೆ ಕಾಣುವುದಿಲ್ಲ, ಬೇರೆ ಹೇಗಿಟ್ಟರೂ ಇರುವೆಗಳು ಮನೆ ದಾರಿಯನ್ನೇ ಹಿಡಿಯುತ್ತವೆ. ಓರಗಿತ್ತಿ ಬೂದು ಸೀರೆಯುಟ್ಟು ಗೋಡೆಗೆ ಒರಗಿದ್ದಾಳೆ. ಬೆಳಿಗ್ಗೆಯಿಂದ ಒಂದು ತಮಾಷೆಯ ಮಾತೂ ಆಡಿಲ್ಲ; ಅವಳ ಮಟ್ಟಿಗೆ ಅದು ಜ್ವರದ ಲಕ್ಷಣ.

ಸುತ್ತಿಸಿಟ್ಟ ಸರದಲ್ಲಿ ತಿರುಚಿಕೊಂಡ ಒಂದು ಮುರಿ ಉಳಿದುಕೊಂಡಿದೆ. ಸರದ ಮುರಿ ಬಿಡಿಸಲು ಹಲ್ಲಕ್ಕ ಯಾವಾಗಲೂ ಮಾಡುವುದು ಒಂದೇ: ಕೊಂಡಿ ಬಿಚ್ಚಿ, ಒಂದು ತುದಿಯನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿ, ಹತ್ತು ನಿಮಿಷ ತೂಗಲು ಬಿಡುವುದು. ಹಾಗೆಯೇ ಬಿಟ್ಟು, ಸೊಂಟ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. ತಲೆ ಎತ್ತಿ ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ.

"ಬಾರೇ ಇಲ್ಲಿ. ಇವು ಈಗ ಎಡಕ್ಕೆ ಹೋಗ್ತಿವೆಯಾ, ಬಲಕ್ಕೆ ಹೋಗ್ತಿವೆಯಾ?"

ಓರಗಿತ್ತಿ ಬಂದು ನೋಡುತ್ತಾಳೆ. ಒಂಬತ್ತು ಇರುವೆಗಳು ನೆಟ್ಟಗೆ ಮೇಲಕ್ಕೆ, ಸಕ್ಕರೆಯ ಕಡೆಗೆ ಹತ್ತುತ್ತಿವೆ.

"ಎರಡೂ ಇಲ್ಲ. ಹತ್ತುತ್ತಿವೆ."

"ಹತ್ತೋ ಇರುವೆಗೆ ಎಡ ಏನು, ಬಲ ಏನು."

"ಚಿಲಕದಲ್ಲಿ ನೇತಾಕಿದ್ರೆ ಇದು ಕೊರಳಿಗೆ ಹಾಕೋದು ಅಂತ ಯಾರಿಗೆ ಗೊತ್ತಾಗತ್ತೆ ಅಕ್ಕ? ಒಂದು ಕೈ ಬೇಕು. ಮೇಲಿಂದ ಹಿಡ್ಕೊಂಡಿರೋ ಕೈ."

ಓರಗಿತ್ತಿಯ ಬೆರಳುಗಳ ತುಂಬ ಸುಟ್ಟ ಕಲೆ. ಹಲ್ಲಕ್ಕನ ಕೈ ಕ್ಯಾಮೆರಾದಲ್ಲಿದೆ. ಡ್ರೈವರು ಬಸ್ಸಿನಲ್ಲಿದ್ದಾರೆ. ಇಬ್ಬರೂ ಒಟ್ಟಿಗೆ ಒಳಕೋಣೆಯ ಕಡೆ ತಿರುಗುತ್ತಾರೆ. ಅಲ್ಲಿ ಎಪ್ಪತ್ತೊಂಬತ್ತರ ಅತ್ತೆ ಮನೆಯ ನಿಯಮದಂತೆ ಬೂದು ಶಾಲು ಹೊದ್ದು, ಯಾರಾದರೂ ಕರೆಯಲಿ ಎಂದೇ ಕಾದಿರುವವರ ಹಾಗೆ ಕೂತಿದ್ದಾರೆ.

ಸಮಯ ಏಳೂ ಇಪ್ಪತ್ತೆಂಟು. ಹಳದಿ ಗೋಡೆಗೆ ಬಿಸಿಲು ಬರಲು ಇಪ್ಪತ್ತೆರಡು ನಿಮಿಷ ಬಾಕಿ. ಅತ್ತೆ ಕುರ್ಚಿಯ ಮೇಲೆ ಕೂತು, ಸಕ್ಕರೆಯ ಕಲ್ಲಿರುವ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಹಿಡಿದು, ಕೈ ಎತ್ತುತ್ತಾರೆ. ಆ ಕೈ ಕ್ಯಾಮೆರಾದ ಚೌಕದೊಳಗೆ ಬಂದದ್ದೇ ಹಲ್ಲಕ್ಕ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಸುಕ್ಕು, ನರ, ಹೆಬ್ಬೆರಳ ಬುಡದ ಹಳೆಯ ಗಾಯ. ಇರುವೆಗಳು ಹತ್ತಿ ಹೋಗಬೇಕೆನ್ನಿಸುವಂಥ ಕೈ. ಕಷ್ಟ ಒಂದೇ. ಅತ್ತೆ ಮಾತಾಡಿದರೆ ಕೈಯೂ ಮಾತಾಡುತ್ತದೆ.

"ಹಗುರಾಗಿ ಹಿಡ್ಕೊಂಡಿದ್ದೀನಾ ನೋಡು. ನಾನು ಸಣ್ಣವಳಿದ್ದಾಗ..."

"ಅತ್ತೆ, ಮಾತಾಡ್ಬೇಡಿ. ಇರುವೆ ಉಯ್ಯಾಲೆ ಆಡ್ತಿವೆ."

"ಇಪ್ಪತ್ತೆರಡು ವರ್ಷ ಊರಿಗೆಲ್ಲ ಬಾಯಿ ತೆರೀರಿ ತೆರೀರಿ ಅಂದೆ. ನನ್ನ ಸರದಿ ಬಂದಾಗ ಮುಚ್ಚಿ ಅಂತೀಯ."

ಗೋಡೆಗೊರಗಿದ್ದ ಓರಗಿತ್ತಿ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಳ್ಳುತ್ತಾಳೆ. ಅದನ್ನು ಕಂಡು ಅತ್ತೆಯೂ ನಗುತ್ತಾರೆ, ಒಂಬತ್ತೂ ಇರುವೆಗಳು ನಡುಗುತ್ತವೆ. ಹಲ್ಲಕ್ಕ ಕ್ಯಾಮೆರಾದಿಂದ ಕಣ್ಣು ತೆಗೆಯದೆ, ಚಿಕಿತ್ಸಾಲಯದ ಆ ಹಳೆಯ ದನಿಯಲ್ಲಿ ಹೇಳುತ್ತಾರೆ: "ಮೂಗಿಂದ ಉಸಿರಾಡಿ. ಹಾಂ. ಹಾಗೇ ಇರಿ. ಮುಗೀತು, ಮುಗೀತು." ಈ ದನಿಗೆ ಎಂಥೆಂಥ ಪೈಲ್ವಾನರೂ ಮೆತ್ತಗಾಗಿದ್ದರಂತೆ, ಅತ್ತೆಯೂ ಆಗುತ್ತಾರೆ. ಇಪ್ಪತ್ತಾರು ಫೋಟೋ. ಇಪ್ಪತ್ತೇಳನೆಯದಕ್ಕೆ ಅಂಚಿನಲ್ಲಿ ಹಳದಿ ಬಂದೇಬಿಟ್ಟಿತು.

ಕಂಪ್ಯೂಟರಿನ ಮುಂದೆ ಹಲ್ಲಕ್ಕ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದಲೇ ಕೆಲಸ ಮಾಡುತ್ತಾರೆ. ಅಭ್ಯಾಸವಿಲ್ಲದ ಕೈ, ನಿಧಾನ. ಆದರೂ ಓರಗಿತ್ತಿ ಪಕ್ಕದಲ್ಲಿ ಸರ ಹಿಡಿದು ನಿಂತು, ಪರದೆಯ ಮೇಲಿನ ಒಂದೊಂದು ಇರುವೆಯನ್ನೂ ಕೈಯಲ್ಲಿರುವುದರ ಜೊತೆ ತಾಳೆ ನೋಡುತ್ತಾಳೆ. ಮೂರನೆಯ ಇರುವೆಯ ಮೀಸೆ ಇಲ್ಲೂ ಡೊಂಕು, ಅಲ್ಲೂ ಅದೇ ಕಡೆಗೆ ಡೊಂಕು. ಎಂಟೂ ಹತ್ತಕ್ಕೆ ಫೋಟೋ ಹೋಗುತ್ತದೆ.

ಆಮೇಲೆ ಮನೆಯಲ್ಲಿ ಯಾರಿಗೂ ಬೇರೆ ಕೆಲಸ ನೆನಪಾಗುವುದಿಲ್ಲ. ಅತ್ತೆ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ. ಒಂಬತ್ತೂ ನಲವತ್ತಕ್ಕೆ ಫೋನು ಟಿಂಗ್ ಎನ್ನುತ್ತದೆ. ಹಲ್ಲಕ್ಕ ಓದುವುದಿಲ್ಲ, ಕನ್ನಡಕ ಸಿಗುತ್ತಿಲ್ಲವೆಂದು ನೆಪ ಹೇಳಿ ಓರಗಿತ್ತಿಗೆ ಕೊಡುತ್ತಾರೆ. ಕನ್ನಡಕ ಮೂಗಿನ ಮೇಲೇ ಇದೆ.

"ಮುಖಪುಟ ಇದೇ. ಮೊದಲಿನದಕ್ಕಿಂತ ಚೆನ್ನಾಗಿದೆ. ಸರ ಈಗಿರುವ ಹಾಗೇ ಮೂವತ್ತು ಕಳಿಸಿ. ಒಳಪುಟದ ಹದಿನಾಲ್ಕು ಫೋಟೋ ಕೂಡ ನೀವೇ ತೆಗೆಯಿರಿ," ಎಂದು ಓದಿ, ಓರಗಿತ್ತಿ ಪರದೆಯನ್ನು ಮೇಲಕ್ಕೆ ಸರಿಸುತ್ತಾಳೆ. "ಇನ್ನೊಂದು ಸಾಲು ಇದೆ. ಆ ಕೈ ಯಾರದು?"

"ಬರಿ, ಬರಿ," ಎನ್ನುತ್ತಾರೆ ಅತ್ತೆ. "ಮುಂದಿನ ತಿಂಗಳು ಪುರುಸೊತ್ತಿಲ್ಲ ಅಂತಲೂ ಬರಿ."

ಮಧ್ಯಾಹ್ನ ಡ್ರೈವರು ಬಂದು ಸುದ್ದಿ ಕೇಳಿ, ತಪ್ಪು ಕಂಡುಹಿಡಿದ ತನಗೆ ಏನು ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಚಹಾ ಸಿಗುತ್ತದೆ. ಓರಗಿತ್ತಿ ಉಳಿದ ಹನ್ನೆರಡು ಸರಗಳಿಗೆ, ಅಂದರೆ ನೂರ ಎಂಟು ಇರುವೆಗಳಿಗೆ, ಕಾಲು ಕೂರಿಸಲು ಹಿಂದಿನ ಕೋಣೆ ಸೇರಿದ್ದಾಳೆ. ಬಾಗಿಲಾಚೆಯಿಂದ ಹಾಡೊಂದು ಅಪಸ್ವರದಲ್ಲಿ ಕೇಳುತ್ತಿದೆ. ಹಲ್ಲಕ್ಕ ಮೇಣದ ಚೂರುಗಳನ್ನು ಉಂಡೆ ಕಟ್ಟಿ ಡಬ್ಬಿಗೆ ಹಾಕುತ್ತಿದ್ದಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಮೊದಲು ಏನೂ ಇಲ್ಲ ಎನ್ನುತ್ತಾರೆ. ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಒಂದು ಇದೆ ಎನ್ನುತ್ತಾರೆ.

"ಸಾವಿರದ ಮೇಲೆ ಒಡವೆ ತೆಗ್ದಿದ್ದೀನಿ. ಒಂದನ್ನೂ ಬೇರೆಯವರ ಮೈ ಮೇಲೆ ನೋಡಿಲ್ಲ. ಎಲ್ಲ ಪಾರ್ಸೆಲ್‌ನಲ್ಲಿ ಹೋಗ್ಬಿಡ್ತವೆ. ಎಲ್ಲಾದ್ರೂ ಬಸ್ಸಲ್ಲಿ, ಎದುರು ಸೀಟಲ್ಲಿ ಯಾರಾದ್ರೂ ಹಾಕ್ಕೊಂಡು ಕೂತಿರ್ಬೇಕು."

"ನನ್ನ ಬಸ್ಸಿಗೇ ಬಾ," ಎನ್ನುತ್ತಾರೆ ಡ್ರೈವರು.

"ನಿಮ್ಮ ಬಸ್ಸಲ್ಲಿ ಕೂತ್ರೆ ಇರುವೆಗಳು ಇಳಿದು ನಡ್ಕೊಂಡೇ ಮುಂದೆ ಹೋಗ್ತವೆ."

ಮಾತಾಡಿಸಿ, ಅದರ ಫೋಟೋ ತೆಗೆದದ್ದು ತಾನೇ ಎಂದು ಹೇಳಬಹುದಲ್ಲ ಎಂದರೆ ಹಲ್ಲಕ್ಕ ಬೇಡವೆಂದು ತಲೆಯಾಡಿಸುತ್ತಾರೆ.

"ಅಯ್ಯೋ, ಅದೆಲ್ಲ ಯಾಕೆ. ಫೋಟೋದಲ್ಲಿದ್ದ ಹಾಗೇ ಇದೆಯಾ ಅಂತ ಒಂದು ಸಲ ನೋಡ್ಬೇಕು, ಅಷ್ಟೆ. ಇದ್ರೆ, ನನ್ನ ಸ್ಟಾಪ್ ಬಂದಾಗ ಇಳಿದ್ಬಿಡ್ತೀನಿ."